ಕ್ಯಾಪ್ಟನ್ನರ ಈಜು ಪರೀಕ್ಷೆ

ಡೆಲ್ಬರ್ಟ್ ಹಾಸ್‌ಕ್ಯಾಂಪ್‌ಗೆ ಈಜು ಬರುತ್ತಿರಲಿಲ್ಲ.

ಒಹಾಯೊ ನದಿಯ ಮೇಲೆ ತಲೆ ನರೆಯುವವರೆಗೆ ದುಡಿದವನು, ಬಾರ್ಜು ಎಂಬ ಚಪ್ಪಟೆ ದೋಣಿಗಳಲ್ಲಿ ಕಲ್ಲಿದ್ದಲು ತುಂಬಿ ಅವುಗಳ ಸಾಲನ್ನು ಮುಂದಿಟ್ಟುಕೊಂಡು ದೂಡುವ ಬೋಟಿನ ಚುಕ್ಕಾಣಿ ಹಿಡಿದವನು, ಹಾರ್ಲನ್ಸ್ ಬೆಂಡ್ ಊರಿನ ಚಿಕ್ಕವರು ದೊಡ್ಡವರೆಲ್ಲ ಕ್ಯಾಪ್ಟನ್ ಎಂದೇ ಕರೆಯುವ ಮನುಷ್ಯ. ಅವನಿಗೆ ಈಜು ಬಾರದು ಎಂದರೆ ಹೊರಗಿನವರು ನಗುತ್ತಾರೆ. ನದಿಯ ಜನ ನಗುವುದಿಲ್ಲ, ಯಾಕೆಂದರೆ ಅವರಲ್ಲಿ ಅರ್ಧ ಜನಕ್ಕೆ ಬರುವುದಿಲ್ಲ. ಬಾರ್ಜಿನ ಮುಂದೆ ಬಿದ್ದವನನ್ನು ಮೈಮೇಲಿನ ಲೈಫ್ ಜಾಕೆಟ್ ಉಳಿಸಿದರೆ ಉಳಿಸೀತು, ಕೈಕಾಲು ಬಡಿದು ಉಳಿದವರಿಲ್ಲ. ಡೆಲ್ಬರ್ಟನ ಅಪ್ಪನೂ ಬೋಟು ನಡೆಸುವ ಪೈಲಟನೇ. ‘ಈಜು ಕಲಿತೋನು ಮುಳುಗಲ್ಲ ಅಂತಲ್ಲ ಕಣೋ, ನಿಧಾನಕ್ಕೆ ಮುಳುಗ್ತಾನೆ ಅಷ್ಟೆ’ ಎಂದು ಅವನು ಹೇಳುತ್ತಿದ್ದ. ಮಗ ಅದನ್ನು ವೇದವಾಕ್ಯವೆಂದು ನಂಬಿದ. ಮೊಣಕಾಲಿಗಿಂತ ಮೇಲೆ ನೀರು ತಾಗಿಸಿಕೊಳ್ಳದೆ ನೀರಿನ ಮೇಲೇ ಬದುಕು ಕಳೆದುಬಿಟ್ಟ.

ಕೆಲಸದಿಂದ ನಿವೃತ್ತನಾಗಿ ಮನೆಗೆ ಬಂದಾಗ ಅವನಿಗೆ ಅರವತ್ತಮೂರು. ಮನೆಯಲ್ಲಿ ಆಳಲು ಏನೂ ಇರಲಿಲ್ಲ. ಹೆಂಡತಿ ಲೋರೀನಳ ಅಡುಗೆಮನೆಯೊಂದೇ ಕಣ್ಣಿಗೆ ಬಿತ್ತು. ಅವಳು ಊರಿನ ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ನೂರಾರು ಮಕ್ಕಳಿಗೆ ಬೇಯಿಸಿ ಬಡಿಸಿದವಳು. ಅಂಥವಳಿಗೆ ಇವನು ಬಾಣಲೆ ಎಲ್ಲಿ ತೂಗುಹಾಕಬೇಕು, ಫ್ರಿಜ್ಜಿನಲ್ಲಿ ಹಾಲು ಯಾವ ಕಡೆ ಇಡಬೇಕು ಎಂದು ಹುಕುಂ ಕೊಡತೊಡಗಿದ. ಲೋರೀನ್ ಒಂದು ತಿಂಗಳು ಸಹಿಸಿದಳು.

“ಡೆಲ್ಬರ್ಟ್, ಈ ಬೋಟಿಗೆ ಒಬ್ಬಳೇ ಕ್ಯಾಪ್ಟನ್,” ಎಂದಳು ಕೊನೆಗೆ. “ಗುಡ್ಡದ ಮೇಲೆ ಅಷ್ಟು ದೊಡ್ಡ ಕಾಲೇಜಿದೆ. ಹೋಗಿ ಓದ್ಕೋ. ಸಂಜೆ ಊಟಕ್ಕೆ ಬಾ.”

ಅವಳು ಸಿಟ್ಟಿನಲ್ಲಿ ಆಡಿದ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಹೈಸ್ಕೂಲು ಮುಗಿದ ಮರುವಾರವೇ ಬೋಟು ಹತ್ತಿದವನಿಗೆ ಆ ಗುಡ್ಡದ ಮೇಲಿನ ಕೆಂಪು ಇಟ್ಟಿಗೆಯ ಕಟ್ಟಡ ಒಂದು ಗುರುತಿನ ಕಂಬವಾಗಿತ್ತು, ಅಷ್ಟೆ. ಅದು ಎಡಕ್ಕೆ ಕಂಡರೆ ತಿರುವು ಬಂತು ಎಂದು ಲೆಕ್ಕ. ಈಗ ಅದರ ಬಾಗಿಲು ತಳ್ಳಿ ಒಳಗೆ ಹೋದ, ಹೆಸರು ಬರೆಸಿದ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಕೂತ.

ಓದು ಅವನಿಗೆ ಸುಲಭವಾಗಿ ಒಲಿಯಲಿಲ್ಲ. ಮೊದಲ ವರ್ಷದ ಗಣಿತ ಅವನನ್ನು ನೆಲಕ್ಕೆ ಕೆಡವಿತು. ಎರಡನೆಯ ಸಲ ಕೂತು ಪಾಸಾದ. ಪರಭಾಷೆಯೊಂದು ಕಡ್ಡಾಯ ಎಂದಾಗ ತನ್ನ ಅಜ್ಜಿ ಬೈಯುವಾಗ ಮಾತ್ರ ಬಳಸುತ್ತಿದ್ದ ಜರ್ಮನ್ ಆರಿಸಿಕೊಂಡು, ತನಗೆ ಗೊತ್ತಿದ್ದ ಪದಗಳಲ್ಲಿ ಒಂದನ್ನೂ ತರಗತಿಯಲ್ಲಿ ಆಡುವಂತಿಲ್ಲ ಎಂದು ಕಂಡುಕೊಂಡ. ಆದರೆ ಹಿಡಿದದ್ದನ್ನು ಬಿಡುವ ಜಾತಿಯಲ್ಲ ಅವನು. ಸಂಜೆ ಮನೆಗೆ ಬಂದು ಪುಸ್ತಕ ಹರವಿದರೆ ಲೋರೀನ್ ಟೀವಿಯ ಸದ್ದು ತಗ್ಗಿಸುತ್ತಿದ್ದಳು.

ಎರಡನೆಯ ವರ್ಷದ ಕೊನೆಗೆ ಎಲ್ಲರೂ ತಮ್ಮ ಮುಖ್ಯ ವಿಷಯ ಯಾವುದೆಂದು ಸಾರಬೇಕು. ಬೇರೆ ಕಾಲೇಜುಗಳಲ್ಲಿ ಅದು ಒಂದು ಸಹಿಯ ಕೆಲಸ. ಟ್ರಸ್ಕಟ್ ಕಾಲೇಜಿನಲ್ಲಿ ಅದಕ್ಕೆಂದೇ ಒಂದು ಊಟ. ದೊಡ್ಡ ಊಟದ ಮನೆಯಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಮೇಜು ಹಾಕಿರುತ್ತಾರೆ. ಹೆಸರು ಕರೆದಾಗ ವಿದ್ಯಾರ್ಥಿ ಎದ್ದು ಎಲ್ಲರ ಕಣ್ಣೆದುರು ನಡೆದು ತನ್ನ ಮೇಜಿಗೆ ಹೋಗಿ ಕೂರಬೇಕು. ಕೂತ ತಕ್ಷಣ ಆ ಮೇಜಿನವರೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಮನಸ್ಸು ಬದಲಾಯಿಸಲು ಯಾವ ಅಡ್ಡಿಯೂ ಇಲ್ಲ, ಆದರೆ ಬದಲಾಯಿಸಿದವರಿಗೆ ಪದವಿ ಸಿಗುವವರೆಗೆ ‘ಊಟ ಬಿಟ್ಟೆದ್ದೋನು’ ಎಂಬ ಹೆಸರು ತಪ್ಪುವುದಿಲ್ಲ.

ಕ್ಯಾಪ್ಟನ್ ಇತಿಹಾಸದ ಮೇಜಿಗೆ ಬರುತ್ತಾನೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಇತಿಹಾಸದ ಪ್ರೊಫೆಸರು ಆಗಲೇ ಕುರ್ಚಿ ಹಿಂದಕ್ಕೆ ಎಳೆದು ಇಟ್ಟುಕೊಂಡಿದ್ದರು. ಮುದುಕರಿಗೆ ಇತಿಹಾಸವಲ್ಲದೆ ಇನ್ನೇನು? ಡೆಲ್ಬರ್ಟ್ ಎದ್ದ, ಆ ಕುರ್ಚಿಯನ್ನು ದಾಟಿದ, ಬಾಗಿಲ ಪಕ್ಕದ ಸಣ್ಣ ಮೇಜಿಗೆ ಹೋಗಿ ಕೂತ. ಅದು ಭೂವಿಜ್ಞಾನದ್ದು. ಅಲ್ಲಿದ್ದ ಮೂರು ಹುಡುಗರು ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ಮೇಜು ಅಲ್ಲಾಡುವ ಹಾಗೆ ಎದ್ದು ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಮಾರ್ಗೊ ಲಿಂಡ್‌ಹೋಮ್, ಅಂದಿನಿಂದ ಅವನಿಗೆ ಸಲಹೆಗಾರ್ತಿಯಾದವರು, ಜೋಳದ ಬ್ರೆಡ್ಡಿನ ತಟ್ಟೆ ಅವನ ಕಡೆ ಸರಿಸಿ, ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದರು.

“ನದಿ ಮೇಲೆ ಏನೇನಾಯ್ತು ಅಂತ ನಂಗೆ ಗೊತ್ತು ಮೇಡಂ,” ಎಂದ ಡೆಲ್ಬರ್ಟ್. “ಕೆಳಗೇನಿದೆ ಅಂತ ಗೊತ್ತಿಲ್ಲ.”

ಮರುದಿನ ಕಾಫಿ ಅಂಗಡಿಯಲ್ಲಿ ಇದೇ ಮಾತು. ರಾಲಿ ಗ್ರೂಬ್ ಎಂಬವನು ಡೆಲ್ಬರ್ಟನ ಬೋಟಿನಲ್ಲೇ ಇಂಜಿನ್ನು ನೋಡಿಕೊಳ್ಳುತ್ತಿದ್ದವನು; ಇಬ್ಬರೂ ಒಟ್ಟಿಗೆ ಮುದುಕರಾದವರು. ಬೋಟಿನಲ್ಲಿ ಬೈಸಿಕೊಂಡದ್ದಕ್ಕೆಲ್ಲ ಈಗ ಸೇಡು ತೀರಿಸಿಕೊಳ್ಳುವುದೇ ಅವನ ನಿವೃತ್ತ ಜೀವನದ ಸುಖ. ನದಿಯಲ್ಲಿರುವ ಕಲ್ಲಿಗೆಲ್ಲ ಬೋಟು ಗುದ್ದಿ ಪರಿಚಯ ಮಾಡಿಕೊಂಡವನು ಇನ್ನು ಕಲ್ಲಿನ ಬಗ್ಗೆ ಓದುವುದೇನಿದೆ ಎಂದು ಅವನು ಅಂಗಡಿಗೆಲ್ಲ ಕೇಳುವ ಹಾಗೆ ವಿಚಾರಿಸಿದ. ಡೆಲ್ಬರ್ಟನಿಗೆ ಸಿಟ್ಟು ಬರಲಿಲ್ಲ. ಎದೆ ಎರಡು ಅಂಗುಲ ಉಬ್ಬಿತ್ತು. ಅಂದು ಎಲ್ಲರ ಕಾಫಿಯ ದುಡ್ಡು ಅವನೇ ಕೊಟ್ಟ.

ಇನ್ನು ಈಜಿನ ವಿಷಯ. ಈ ಕಾಲೇಜು ಕಟ್ಟಿಸಿದ ಟ್ರಸ್ಕಟ್ ಎಂಬ ಪುಣ್ಯಾತ್ಮ ಹಿಂದಿನ ಕಾಲದಲ್ಲಿ ಹಬೆದೋಣಿಗಳ ಒಡೆಯ. ಇಲ್ಲಿಂದ ಓದಿ ಹೊರಬೀಳುವವನು ನೀರಿಗೆ ಬಿದ್ದರೆ ತಾನೇ ದಡ ಸೇರುವಂತಿರಬೇಕು ಎಂದು ಬರೆದಿಟ್ಟು ಸತ್ತ. ಆಗಿನಿಂದ ಎಷ್ಟು ಗ್ರೀಕ್ ಲ್ಯಾಟಿನ್ ಬಂದವೋ ಹೋದವೋ, ಈಜು ಮಾತ್ರ ಉಳಿದಿದೆ. ಕೊಳದ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬರಬೇಕು. ಹೇಗಾದರೂ ಈಜಲಿ, ನಡುವೆ ಅಂಚು ಹಿಡಿಯಬಾರದು, ಕಾಲೂರಬಾರದು. ಇದಾಗದೆ ಪದವಿಯಿಲ್ಲ.

ಮೂರನೆಯ ವರ್ಷ ಡೆಲ್ಬರ್ಟನ ಸರದಿ ಬಂತು. ಕ್ರೀಡಾ ಶಿಕ್ಷಕ ಬ್ರೂಬೇಕರನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ನಿಜ ಹೇಳಿಬಿಡುವುದೆಂದು ಅವನು ನಿಶ್ಚಯಿಸಿಕೊಂಡಿದ್ದ. ಚಡ್ಡಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿ, ನಡುಗುವ ಹುಡುಗರ ಸಾಲಿನ ಕೊನೆಯಲ್ಲಿ ನಿಂತ. ಬ್ರೂಬೇಕರನದು ಒಳ್ಳೆಯ ಮನಸ್ಸು, ಆದರೆ ದೊಡ್ಡ ಗಂಟಲು. ಡೆಲ್ಬರ್ಟನನ್ನು ನೋಡಿದ್ದೇ ತಡ, ಕೊಳದ ಆಚೆಯಿಂದಲೇ ಕೂಗಿದ.

“ಕ್ಯಾಪ್ಟನ್, ನೀವ್ಯಾಕ್ರೀ ಸಾಲಲ್ಲಿ ನಿಂತಿದ್ದೀರಿ? ಮೀನಿಗೆ ಯಾರಾದ್ರೂ ಈಜು ಪರೀಕ್ಷೆ ಮಾಡ್ತಾರಾ? ನಿಮ್ಮದು ಪಾಸು, ಹೋಗಿ.”

ಡೆಲ್ಬರ್ಟ್ ಬಾಯಿ ತೆರೆದ. ಹುಡುಗರು ಚಪ್ಪಾಳೆ ತಟ್ಟಿದರು. ಬಾಯಿ ಮುಚ್ಚಿಕೊಂಡ. ಅಷ್ಟೇ ನಡೆದದ್ದು. ಬಿರುಗಾಳಿಯಲ್ಲಿ ರೇಡಿಯೋ ಹಿಡಿದು ಎದುರಿನ ಬೋಟಿನವನನ್ನು ಗದರಿಸಿದ ಗಂಟಲು ಒಂದು ಹಿಡಿ ಚಪ್ಪಾಳೆಗೆ ಕಟ್ಟಿಹೋಯಿತು. ಒದ್ದೆಯಾಗದ ಚಡ್ಡಿಯಲ್ಲೇ ಮನೆಗೆ ಬಂದ.

ಮೊದಮೊದಲು ಅದನ್ನು ಒಂದು ತಮಾಷೆಯೆಂದು ಮರೆಯಲು ನೋಡಿದ. ತಾನು ಸುಳ್ಳು ಹೇಳಲಿಲ್ಲವಲ್ಲ, ಅವರೇ ತಿಳಿದುಕೊಂಡದ್ದು ಎಂದು ಸಮಾಧಾನ ಮಾಡಿಕೊಂಡ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರಾದರೂ ನೀರು ಎಂದರೂ ಸಾಕು, ಅವನ ಕಿವಿ ಕೆಂಪಾಗುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ನಾಲ್ಕನೆಯ ವರ್ಷದ ವಸಂತದಲ್ಲಿ ಪ್ರೊಫೆಸರ್ ಲಿಂಡ್‌ಹೋಮ್ ಅವನನ್ನು ಕೋಣೆಗೆ ಕರೆದರು. ಪದವಿಗೆ ಬೇಕಾದದ್ದೆಲ್ಲ ಮುಗಿದಿದೆಯೇ ಎಂದು ಕೊನೆಯ ಬಾರಿ ನೋಡುವ ಭೇಟಿ ಅದು. ಗಣಿತ ಆಗಿದೆ, ಜರ್ಮನ್ ಆಗಿದೆ, ಪ್ರಯೋಗಶಾಲೆ ಆಗಿದೆ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಡೇರೆ ಹಾಕಿ ಮಾಡಿದ ಕೆಲಸ ಆಗಿದೆ, ಈಜು ಆಗಿದೆ. ಅವರು ಕನ್ನಡಕ ತೆಗೆದು ಅವನನ್ನು ನೋಡಿದರು. ಆ ನೋಟದಲ್ಲಿ ಮುಚ್ಚುಮರೆಯಿಲ್ಲದ ಹೆಮ್ಮೆಯಿತ್ತು.

“ಒಂದೇ ಒಂದು ರಿಯಾಯಿತಿ ಇಲ್ಲ, ಕ್ಯಾಪ್ಟನ್. ಇಪ್ಪತ್ತು ವರ್ಷದ ಹುಡುಗರೇ ಏನಾದರೊಂದು ಬಿಡಿಸ್ಕೊಂಡು ಬರ್ತಾರೆ. ನಿಮ್ಮದು ಪೂರ್ತಿ ನೇರ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈ ಹೊಗಳಿಕೆ ಅವನ ಎದೆಯಲ್ಲಿ ಮುಳ್ಳಾಗಿ ನಾಟಿತು. ಅದು ಸಾಲದೆಂಬಂತೆ ಗುಡ್ಡ ಇಳಿದು ಬಂದರೆ ಕಾಫಿ ಅಂಗಡಿಯಲ್ಲಿ ರಾಲಿ ಇನ್ನೊಂದು ಸುದ್ದಿ ಇಟ್ಟುಕೊಂಡು ಕೂತಿದ್ದ. ಪದವಿ ಕೊಡುವ ಸಮಾರಂಭ ನಡೆಯುವುದು ಕಾಲೇಜಿನ ಹುಲ್ಲುಹಾಸಿನ ಮೇಲೆ, ನದಿಗೆ ಎದುರಾಗಿ. ಅಂದು ಅವರ ಹಳೆಯ ಬೋಟು ಕೆಳಗೆ ಬಂದು ನಿಲ್ಲುವಂತೆಯೂ ಡೆಲ್ಬರ್ಟನ ಹೆಸರು ಕರೆದಾಗ ಕಹಳೆ ಊದುವಂತೆಯೂ ರಾಲಿ ಯಾರು ಯಾರನ್ನೋ ಹಿಡಿದು ಏರ್ಪಾಡು ಮಾಡಿಸಿದ್ದ. ನದಿಯವರಲ್ಲಿ ಒಬ್ಬ ಆ ಗುಡ್ಡ ಹತ್ತಿದ್ದು ಇದೇ ಮೊದಲು, ಊರಿಗೆಲ್ಲ ಕೇಳಬೇಡವೇ ಎಂದ. ಸದಾ ಕಾಲೆಳೆಯುವ ರಾಲಿಯ ದನಿ ಅಂದು ಬೇರೆಯಾಗಿತ್ತು. ಡೆಲ್ಬರ್ಟ್ ಕಾಫಿ ಮುಗಿಸದೆ ಎದ್ದು ಹೋದ.

ಮರುದಿನ ಬೆಳಗಿನ ತಿಂಡಿಗೆ ಕೂತಾಗ ಲೋರೀನ್ ಒಲೆಯ ಮುಂದೆ ಬಿಸ್ಕಿಟ್ ಎಂಬ ಮೆತ್ತನೆಯ ಬನ್ನಿನ ಮೇಲೆ ಸುರಿಯುವ ಗ್ರೇವಿ ಕದಡುತ್ತಿದ್ದಳು. ಅವಳ ಬೆನ್ನು ನೋಡುತ್ತ ಡೆಲ್ಬರ್ಟ್ ಹೇಳಿದ.

“ಲೋರೀನ್, ನಂಗೆ ಈಜೋಕೆ ಬರಲ್ಲ.”

“ಗೊತ್ತು,” ಎಂದಳು ಅವಳು, ತಿರುಗದೆ.

“ಯಾವಾಗಿಂದ?”

“ಮದುವೆಯಾದ ವಾರದಿಂದ. ಸರೋವರಕ್ಕೆ ಕರ್ಕೊಂಡು ಹೋಗಿ ಶೂ ಕೂಡ ಬಿಚ್ಚದೆ ದಡದ ಮೇಲೆ ಕೂತಿದ್ದೆಯಲ್ಲ. ಬಿಸಿಲಲ್ಲಿ ಬೆಂದ್ರೂ ಬಿಚ್ಚಲಿಲ್ಲ. ನೀನೇ ಹೇಳ್ತೀಯ ಅಂತ ಕಾದೆ. ಸ್ವಲ್ಪ ತಡ ಆಯ್ತು.”

ಆಗ ಅವನು ಉಳಿದದ್ದನ್ನೂ ಹೇಳಿದ. ಸಾಲು, ಬ್ರೂಬೇಕರ್, ಚಪ್ಪಾಳೆ, ಒದ್ದೆಯಾಗದ ಚಡ್ಡಿ. ಲೋರೀನ್ ಒಲೆ ಆರಿಸಿ ಎದುರಿಗೆ ಬಂದು ಕೂತಳು. ಅವಳ ಮುಖದಲ್ಲಿದ್ದ ನಗು ಮಾಯವಾಗಿತ್ತು.

“ಬರಲ್ಲ ಅನ್ನೋದು ತಪ್ಪಲ್ಲ, ಡೆಲ್ಬರ್ಟ್. ಬರ್ದೇ ಇರೋದಕ್ಕೆ ಚಪ್ಪಾಳೆ ತಗೊಂಡ್ಯಲ್ಲ, ಅದು ನಂಗೆ ಹಿಡಿಸ್ಲಿಲ್ಲ.”

ಅವನಿಗೂ ಹಿಡಿಸಿರಲಿಲ್ಲ. ವಯಸ್ಸಾದವರು ವೈದ್ಯರಿಂದ ಒಂದು ಚೀಟಿ ತಂದರೆ ಈಜಿನಿಂದ ಬಿಡುಗಡೆ ಕೊಡುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಅದನ್ನು ಎತ್ತಿದಾಗ ಡೆಲ್ಬರ್ಟ್ ತಲೆ ಅಲ್ಲಾಡಿಸಿದ. ಆ ಗಣಿತವನ್ನು ಎರಡು ಸಲ ಹೊತ್ತವನು ನೀರಿನ ಮುಂದೆ ಬಂದು, ಅದೂ ನೀರಿನ ಮುಂದೆ, ನನಗೆ ವಯಸ್ಸಾಯಿತು ಎನ್ನಬೇಕೇ? ಅವನ ಅಭಿಮಾನ ಅವನನ್ನು ಒಮ್ಮೆ ಮೂಗನನ್ನಾಗಿ ಮಾಡಿತ್ತು. ಈಗ ಅದೇ ಅಭಿಮಾನ ಅವನ ಕುತ್ತಿಗೆ ಹಿಡಿದು ಗುಡ್ಡ ಹತ್ತಿಸಿತು.

ಬ್ರೂಬೇಕರ್ ಕೇಳಿದವನೇ ಕೆಂಪಾದ, ಬೆಳ್ಳಗಾದ. ತಪ್ಪು ತನ್ನದೇ ಎಂದ. ಇಷ್ಟು ದಿನದ ಮೇಲೆ ಅದನ್ನು ಕೆದಕುವುದು ಬೇಡ, ಇರಲಿ ಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ಗಂಟಲು ತಗ್ಗಿಸಿ ಬೇಡಿಕೊಂಡ. ಅವನ ಗಂಟಲು ತಗ್ಗಿದ್ದನ್ನು ಕಾಲೇಜಿನಲ್ಲಿ ಅಂದಿನವರೆಗೆ ಯಾರೂ ಕೇಳಿರಲಿಲ್ಲ.

“ಹೆಸರು ಕರೆದಾಗ ಎದ್ದು ನಿಲ್ಲೋನು ನಾನು ಕಣಯ್ಯಾ,” ಎಂದ ಡೆಲ್ಬರ್ಟ್. “ಆ ಪಾಸು ಅಳಿಸಿಬಿಡು. ಸಾಲಲ್ಲಿ ನಿಲ್ತೀನಿ.”

ಅಳಿಸಿದ್ದಾಯಿತು. ಸಮಾರಂಭಕ್ಕೆ ಎರಡು ದಿನ ಮುಂಚಿನ ಗುರುವಾರ ವರ್ಷದ ಕೊನೆಯ ಈಜು ಪರೀಕ್ಷೆ; ಅದಕ್ಕಿನ್ನು ಕೆಲವೇ ವಾರ. ಅಂದು ಆಗದಿದ್ದರೆ ಅವನ ಹೆಸರು ಕರೆಯುವುದಿಲ್ಲ, ಇನ್ನೊಂದು ವರ್ಷ ಕಾಯಬೇಕು. ಪೂರ್ತಿ ನೇರವಾಗಿದ್ದದ್ದಕ್ಕೆ ತಾನೇ ಕೊಕ್ಕೆ ಹಾಕಿಕೊಂಡು ಬಂದಿದ್ದಾನೆಂದು ಕೇಳಿ ಪ್ರೊಫೆಸರ್ ಲಿಂಡ್‌ಹೋಮ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಎದ್ದು ಬಂದು ಅವನ ಕೈ ಕುಲುಕಿದರು.

ಊರಿನ ಈಜುಕೊಳದಲ್ಲಿ ಬೆಳಗಿನ ಹೊತ್ತು ಲೋರೀನ್ ಮತ್ತು ಅವಳ ಚರ್ಚಿನ ಗೆಳತಿಯರ ರಾಜ್ಯ. ಹೂವಿನ ಟೋಪಿ ತೊಟ್ಟ ಅಜ್ಜಿಯರ ನಡುವೆ ಕ್ಯಾಪ್ಟನ್ ಇಳಿದ. ಮೊದಲ ದಿನ ಲೈಫ್ ಜಾಕೆಟ್ ತೊಟ್ಟು ಬಂದಿದ್ದ. ಮದುವೆಗೆ ರೇನ್‌ಕೋಟ್ ಹಾಕಿಕೊಂಡು ಬಂದವನನ್ನು ನೋಡಿದ ಹಾಗೆ ಅಜ್ಜಿಯರು ನೋಡಿದರು. ಒಬ್ಬಳು ನಿನ್ನ ಗಂಡನನ್ನು ಎಲ್ಲಿ ಕಟ್ಟಿಹಾಕಬೇಕು, ಹಗ್ಗ ತಂದಿದ್ದೀಯಾ ಎಂದು ಲೋರೀನಳನ್ನು ಕೇಳಿದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಅವನು ಜಾಕೆಟ್ ಬಿಚ್ಚಿಟ್ಟ.

ಕಷ್ಟ ಎಲ್ಲಿತ್ತೆಂದರೆ, ಅವನು ಮುಖವನ್ನು ನೀರಲ್ಲಿ ಮುಳುಗಿಸುತ್ತಿರಲಿಲ್ಲ. ಹೆದರಿಕೆಯಲ್ಲ ಅದು. ಪೈಲಟನಾದವನು ಎದುರಿನಿಂದ ಕಣ್ಣು ತೆಗೆಯುವುದಿಲ್ಲ. ಕಾಫಿ ಕುಡಿಯುವಾಗಲೂ ತೆಗೆಯುವುದಿಲ್ಲ. ಅಷ್ಟು ವರ್ಷ ಮೈಯಲ್ಲಿ ಊರಿದ ಅಭ್ಯಾಸ, ತಲೆಯನ್ನು ಕಂಬದ ಹಾಗೆ ಮೇಲಕ್ಕೆತ್ತಿ ಹಿಡಿಯುತ್ತಿತ್ತು. ತಲೆ ಮೇಲೆದ್ದರೆ ಕಾಲು ಕೆಳಗಿಳಿಯುತ್ತಿತ್ತು. ಕಾಲು ಇಳಿದರೆ ಕ್ಯಾಪ್ಟನ್ ಮುಳುಗುತ್ತಿದ್ದ. ವಾರಗಟ್ಟಲೆ ಇದೇ ಆಯಿತು. ಲೋರೀನ್ ಬೈದಳು, ಬೇಡಿಕೊಂಡಳು, ಕೊನೆಗೆ, ಹಾಗಾದರೆ ಬೆನ್ನ ಮೇಲೆ ಈಜು, ಮುಖ ಒದ್ದೆಯಾಗುವುದೇ ಇಲ್ಲ ಎಂದಳು. ಬೆನ್ನ ಮೇಲೆ ಅವನು ತೇಲಿದ, ಮರದ ಬಾಗಿಲಿನ ಹಾಗೆ ತೇಲಿದ. ಆದರೆ ಕೈ ಬೀಸಿ ಹೊರಟರೆ ನಾಲ್ಕು ಸಲ ಬೀಸುವುದರೊಳಗೆ ಹೋಗುವ ದಿಕ್ಕು ನೋಡಲು ಕತ್ತು ತಿರುಗಿಸುತ್ತಿದ್ದ, ಮತ್ತೆ ಮುಳುಗುತ್ತಿದ್ದ. ಎದುರು ಕಾಣದೆ ಬೋಟು ಓಡಿಸುವವನು ಪೈಲಟನೇ ಅಲ್ಲ ಎಂದು ನೀರು ಉಗುಳುತ್ತ ರೇಗಿದ.

“ಬಾರ್ಜಿನ ತುದಿ ನಿಂಗೆ ಕಾಣ್ತಿತ್ತಾ?” ಎಂದಳು ಲೋರೀನ್.

ಕಾಣುತ್ತಿರಲಿಲ್ಲ. ಸಾಲಿನ ತುದಿ ಅಷ್ಟು ದೂರ. ಅಣೆಕಟ್ಟಿನ ಪಕ್ಕದಲ್ಲಿ ದೋಣಿಗಳು ದಾಟುವ ಇಕ್ಕಟ್ಟಿನ ಕಟ್ಟೆಬಾಗಿಲಿನೊಳಗೆ ಬೋಟನ್ನು ತೂರಿಸುವಾಗ ಆ ತುದಿಯಲ್ಲಿ ಒಬ್ಬ ಆಳು ನಿಂತು ರೇಡಿಯೋದಲ್ಲಿ ಕೂಗುತ್ತಾನೆ, ಇನ್ನೂರು ಅಡಿ ಇದೆ, ನೇರ, ನೂರಿದೆ, ನೇರ, ಐವತ್ತು. ಪೈಲಟನು ಆ ದನಿಯನ್ನು ನಂಬಿ ಚಕ್ರ ತಿರುಗಿಸುತ್ತಾನೆ. ಆ ಕೆಲಸದಲ್ಲಿ ನಂಬದವನಿಗೆ ನದಿಯಲ್ಲಿ ಅನ್ನವಿಲ್ಲ.

ಲೋರೀನ್ ಕೊಳದಿಂದ ಮೇಲೆ ಹತ್ತಿ, ಅಂಚಿನ ಮೇಲೆ ಅವನ ಜೊತೆಜೊತೆಗೆ ನಡೆಯುತ್ತ ಕೂಗಿದಳು. ಅರವತ್ತು ಅಡಿ, ನೇರ. ನಲವತ್ತು, ಸ್ವಲ್ಪ ಎಡಕ್ಕೆ. ಡೆಲ್ಬರ್ಟ್ ಚಾವಣಿ ನೋಡುತ್ತ ಕೈ ಬೀಸಿದ. ಕತ್ತು ತಿರುಗಲಿಲ್ಲ. ತುದಿ ಮುಟ್ಟಿದಾಗ ಹೂವಿನ ಟೋಪಿಗಳೆಲ್ಲ ನೀರು ಬಡಿದು ಗಲಾಟೆ ಎಬ್ಬಿಸಿದವು. ಆದರೆ ಅದು ಒಂದು ಉದ್ದ. ತಿರುಗಿ ಬರುವ ದಾರಿಯಲ್ಲಿ ಉಸಿರು ಸೋತು, ಅಂಚು ಹಿಡಿಯದೆ ಅವನು ಒಮ್ಮೆಯೂ ಮುಗಿಸಲಿಲ್ಲ. ಪರೀಕ್ಷೆಯ ಗುರುವಾರ ಬಂದೇ ಬಿಟ್ಟಿತು.

ಕಾಲೇಜಿನ ಕೊಳದ ಸುತ್ತ ಅಂದು ಜಾತ್ರೆ. ಭೂವಿಜ್ಞಾನದ ಹುಡುಗರು ಬಂದಿದ್ದರು, ಪ್ರೊಫೆಸರ್ ಲಿಂಡ್‌ಹೋಮ್ ಬಂದಿದ್ದರು. ಸುದ್ದಿ ಗುಡ್ಡ ಇಳಿದು ಕಾಫಿ ಅಂಗಡಿಗೂ ಮುಟ್ಟಿತ್ತು, ಹಾಗಾಗಿ ರಾಲಿಯೂ ಬಂದಿದ್ದ. ಅವನು ಮುಖ ಊದಿಸಿಕೊಂಡು ನೇರ ಡೆಲ್ಬರ್ಟನ ಮುಂದೆ ನಿಂತ.

“ಮೂವತ್ತು ವರ್ಷ ಕಣಯ್ಯಾ. ಬೋಟು ಮುಳುಗಿದ್ರೆ ಇವನು ಎಳ್ಕೊಂಡು ಹೋಗ್ತಾನೆ ಅಂತ ಇಂಜಿನ್ ಕೋಣೇಲಿ ನೆಮ್ಮದಿಯಾಗಿ ನಿದ್ದೆ ಮಾಡಿದ್ನಲ್ಲೋ.”

“ಕೆಲಸದ ಹೊತ್ತಲ್ಲಿ ನಿದ್ದೆ ಮಾಡ್ತಿದ್ದೆ ಅಂತ ಈಗ್ಲಾದ್ರೂ ಒಪ್ಕೊಂಡ್ಯಲ್ಲ,” ಎಂದ ಡೆಲ್ಬರ್ಟ್. “ನಿಂಗೆ ಬರುತ್ತಾ ಈಜು?”

ರಾಲಿ ಚಾವಣಿ ನೋಡಿದ. “ನಂಗೆಲ್ಲಿ ಬರುತ್ತೆ,” ಎಂದ.

ಡೆಲ್ಬರ್ಟ್ ಸಾಲಿನ ಕೊನೆಯಲ್ಲೇ ನಿಂತ. ಒಬ್ಬೊಬ್ಬರಾಗಿ ಹುಡುಗರು ಮುಗಿಸಿ ಮೇಲೆ ಬಂದರು, ಯಾರೂ ಮನೆಗೆ ಹೋಗಲಿಲ್ಲ. ಹೆಸರು ಕರೆದಾಗ ಅವನು ಮೆಟ್ಟಿಲು ಹಿಡಿದು ಇಳಿಯುವ ಮುಂಚೆ ಎಲ್ಲರ ಕಡೆ ತಿರುಗಿದ. ಹಿಂದಿನ ವರ್ಷ ತಾನು ಈ ಪರೀಕ್ಷೆಗೆ ಇಳಿದೇ ಇರಲಿಲ್ಲವೆಂದೂ ಅಂದಿನ ಚಪ್ಪಾಳೆ ತನ್ನ ಬಳಿ ಸಾಲವಾಗಿ ಉಳಿದಿದೆಯೆಂದೂ ಹೇಳಿದ. ಈ ಸಲ ಕೊನೆಯವರೆಗೆ ಕೈ ಕಟ್ಟಿಕೊಂಡಿರಿ ಎಂದ. ಆಮೇಲೆ ನೀರಿಗಿಳಿದ. ಅವನು ಬೆನ್ನ ಮೇಲೆ ಒರಗಿ ಕಾಲಿನಿಂದ ಗೋಡೆ ಒದ್ದ.

ಲೋರೀನ್ ಅಂಚಿನ ಮೇಲೆ ಜೊತೆಗೆ ನಡೆದಳು. ಕೂಗುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ ಎಂದು ಬ್ರೂಬೇಕರ್ ಮುಂಚೆಯೇ ಒಪ್ಪಿದ್ದ. ಅರವತ್ತು, ನೇರ. ನಲವತ್ತು, ನೇರ. ಇಪ್ಪತ್ತು, ಸ್ವಲ್ಪ ಬಲಕ್ಕೆ. ಶಾಲೆಯ ಊಟದ ಮನೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ದನಿ ಅದು. ಇಡೀ ಕಟ್ಟಡದಲ್ಲಿ ಬೇರೆ ಸದ್ದಿರಲಿಲ್ಲ. ತುದಿ ಮುಟ್ಟಿದ, ತಿರುಗಿದ, ಮತ್ತೆ ಒದ್ದ.

ತಿರುಗಿ ಬರುವಾಗ ಭುಜ ಸೀಸದ ಹಾಗೆ ಭಾರವಾಯಿತು. ನೀರು ಕಿವಿಯೊಳಗೆ ಗುಳುಗುಳು ಎಂದಿತು. ಕೈಗೆಟುಕುವಷ್ಟು ಹತ್ತಿರದಲ್ಲಿ ಅಂಚಿತ್ತು. ಅರವತ್ತು, ನೇರ ಎಂದಿತು ದನಿ. ನಲವತ್ತು, ಎಂದಿತು. ಆಮೇಲೆ ಏನೂ ಕೇಳಿಸಲಿಲ್ಲ. ಅವನು ಕಾದ. ಕೈ ಬೀಸಿದ, ಮತ್ತೆ ಕಾದ. ದನಿಯಿಲ್ಲ. ಕತ್ತು ತಾನಾಗಿಯೇ ಪಕ್ಕಕ್ಕೆ ಹೊರಳಲು ಹೊರಟಿತು. ಹೊರಳಿದರೆ ಕಾಲು ಇಳಿಯುತ್ತದೆ, ಕಾಲು ಇಳಿದರೆ ಮುಗಿಯಿತು. ಡೆಲ್ಬರ್ಟ್ ಹಲ್ಲು ಕಚ್ಚಿ ಚಾವಣಿಯ ಉದ್ದನೆಯ ತೊಲೆಯೊಂದನ್ನು ಕಣ್ಣಲ್ಲಿ ಹಿಡಿದ, ಅದರ ಗುಂಟ ಹೋದ. ಬೀಸಿದ. ಬಾಯಿಗೆ ನೀರು ನುಗ್ಗಿತು, ಉಗುಳಿ ಬೀಸಿದ. ಇನ್ನು ಆಗದು ಎಂದುಕೊಳ್ಳುವ ಹೊತ್ತಿಗೆ ನೆತ್ತಿ ಠಪ್ಪೆಂದು ಗೋಡೆಗೆ ಬಡಿಯಿತು.

ಆಗ ಬಿತ್ತು ಚಪ್ಪಾಳೆ. ಹುಡುಗರು ಕುಣಿದರು, ಬ್ರೂಬೇಕರ್ ತನ್ನ ದೊಡ್ಡ ಗಂಟಲಿನಲ್ಲಿ ಪಾಸು ಎಂದು ಕೂಗಿದ್ದು ನದಿಗೆ ಕೇಳಿಸಿರಬೇಕು. ರಾಲಿ ಟೋಪಿ ತೆಗೆದು ಅದರಲ್ಲಿ ಮೂಗು ಒರೆಸಿಕೊಂಡ. ಡೆಲ್ಬರ್ಟ್ ಇದಾವುದನ್ನೂ ನೋಡಲಿಲ್ಲ. ಅಂಚು ಹಿಡಿದು ಏದುಸಿರು ಬಿಡುತ್ತ ಲೋರೀನಳನ್ನು ಹುಡುಕಿದ. ಅವಳು ಅವನ ತಲೆಯ ಹತ್ತಿರವೇ ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಳು. ಕಣ್ಣು ಮೂಗು ಎಲ್ಲ ಕೆಂಪಾಗಿತ್ತು.

“ಯಾಕೆ ಕೂಗೋದು ನಿಲ್ಲಿಸಿದೆ?” ಎಂದ ಅವನು. “ಗೋಡೆಗೆ ಗುದ್ದಿಸಿದೆಯಲ್ಲೇ ನನ್ನ.”

ಅವಳು ತನ್ನ ತೋಳಿನಿಂದ ಅವನ ಮುಖದ ನೀರು ಒರೆಸಿದಳು.

“ಏನಂತ ಕೂಗ್ಲಿ? ನೀನು ನೇರ ಬರ್ತಿದ್ದೆ,” ಎಂದಳು.

ಸುತ್ತ ಎಲ್ಲರೂ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು. ಅವನು ನೀರಿನಲ್ಲೇ ನಿಂತು, ಅವಳ ಕೈ ಹಿಡಿದುಕೊಂಡು, ಅಷ್ಟನ್ನೂ ಕೇಳಿದ.